ನಗರೀಕರಣಕ್ಕೊಂದು ವಾಕ್ಯ

ನಿಘಂಟು ಮಾಡುವವರೆಂದರೆ ಗಂಟುಮುಖದ ಪಂಡಿತರು, ದಪ್ಪ ಪುಸ್ತಕಗಳ ನಡುವೆ ತಪಸ್ಸಿಗೆ ಕೂತವರು ಎಂದು ಯಾರಾದರೂ ಅಂದುಕೊಂಡಿದ್ದರೆ, ಅವರು ಆ ಚಪ್ಪಲಿ ಅಂಗಡಿಯ ಮೇಲಿನ ಕಚೇರಿಯನ್ನು ನೋಡಿಲ್ಲ. ಅಲ್ಲಿದ್ದದ್ದು ನಾಲ್ಕು ಮೇಜು, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಒಂದು ಫ್ಯಾನು, ಕೆಳಗಿನಿಂದ ಸದಾ ಏರಿಬರುವ ಹೊಸ ಚರ್ಮದ ವಾಸನೆ, ಮತ್ತು ಚಿಲಕ ಕೂರದ ಒಂದು ಟಾಯ್ಲೆಟ್. ಆ ಚಿಲಕದ ಬಗ್ಗೆ ನಡೆದಷ್ಟು ಚರ್ಚೆ ಅಲ್ಲಿ ಯಾವ ಪದದ ಬಗ್ಗೆಯೂ ನಡೆದಿರಲಿಲ್ಲ. ಒಳಗೆ ಹೋದವರು ಹಾಡು ಹೇಳುತ್ತಿರಬೇಕು, ಇಲ್ಲವೇ ಹೊರಗೆ ಒಬ್ಬರು ಕಾವಲು ನಿಲ್ಲಬೇಕು. ಸಂಪಾದಕರು ಹಾಡುತ್ತಿದ್ದರು. ಅದನ್ನು ಕೇಳುವುದಕ್ಕಿಂತ ಕಾವಲು ನಿಲ್ಲುವುದೇ ವಾಸಿ ಎಂದು ಉಳಿದವರ ಅಭಿಪ್ರಾಯವಾಗಿತ್ತು.

ಈ ಸಂಪಾದಕರಿಗೆ ಒಂದು ಹಟ. ಪದದ ಅರ್ಥವನ್ನು ಮೇಜಿನ ಮುಂದೆ ಕೂತು ಬರೆಯಬಹುದು, ಆದರೆ ಉದಾಹರಣೆಯ ವಾಕ್ಯವನ್ನು ಕೂತು ಹುಟ್ಟಿಸಕೂಡದು. ಅದು ಯಾರೋ ಬಾಯಿಬಿಟ್ಟು ಆಡಿದ ಮಾತೇ ಆಗಿರಬೇಕು. ಆಡಿದವರ ಹೆಸರು ಬೇಡ, ಆದರೆ ಅವರ ಕಸುಬು ಏನು, ಬೀದಿ ಯಾವುದು ಎಂಬುದು ವಾಕ್ಯದ ಕೆಳಗೆ ಸಣ್ಣಕ್ಷರದಲ್ಲಿ ಬರಲೇಬೇಕು. ಇನ್ನೊಂದು ನಿಯಮವೂ ಇತ್ತು: ಸ್ವಂತ ಮನೆಯವರ ಮಾತು ತರುವಂತಿಲ್ಲ. ಹಿಂದೆ ಒಬ್ಬ ಸಹಾಯಕ ಬಿಸಿಲಿಗೆ ಹೆದರಿ, ಬೇಕಾದ ವಾಕ್ಯಗಳನ್ನೆಲ್ಲ ತನ್ನ ಸೋದರತ್ತೆಯ ಬಾಯಿಗೆ ಹಾಕಿಬಿಟ್ಟಿದ್ದ. ಆ ಮಹಾತಾಯಿ ಅಕಾರದಿಂದ ಈಕಾರದ ತನಕ ಎಡೆಬಿಡದೆ ಮಾತಾಡಿದ ಮೇಲೆ ಅನುಮಾನ ಬಂದು ವಿಚಾರಿಸಿದರೆ, ಆಕೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅಂದಿನಿಂದ ನಿಯಮ ಬಿಗಿಯಾಯಿತು. ಪ್ರತಿ ಗುರುವಾರ ಎಲ್ಲರೂ ಹೆಗಲಿಗೆ ಚೀಲ ಏರಿಸಿ ‘ಮಾತಿನ ಸಂತೆ’ಗೆ ಹೊರಡುವುದು, ಶುಕ್ರವಾರ ತಂದದ್ದನ್ನು ಗಟ್ಟಿಯಾಗಿ ಓದುವುದು. ವಾಕ್ಯ ಚೆನ್ನಾಗಿದ್ದರೆ ಸಂಪಾದಕರು ಕಣ್ಣು ಮುಚ್ಚುತ್ತಿದ್ದರು, ಸಪ್ಪೆಯಾಗಿದ್ದರೆ ಕಿಟಕಿ ನೋಡುತ್ತಿದ್ದರು.

ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳಿಗೆ ಕಚೇರಿಯಲ್ಲಿ ಮೇಡಂ ಎಂದು ಹೆಸರು, ಹುಟ್ಟಿದ ಮನೆಯಲ್ಲಿ ಪುಟ್ಟಿ. ನಲವತ್ತು ದಾಟಿದವಳನ್ನು ಪುಟ್ಟಿ ಎನ್ನುವುದು ನಗೆಪಾಟಲೇ ಸರಿ. ಆದರೂ ನಾವು ಹಾಗೇ ಕರೆಯೋಣ, ಏಕೆಂದರೆ ನಾಚಿಕೆಯ ವಿಷಯ ಬಂದಾಗ ಮನುಷ್ಯರು ಹೊರಗಿನ ಹೆಸರಿನಲ್ಲಿ ನಾಚಿಕೊಳ್ಳುವುದಿಲ್ಲ.

ಪುಟ್ಟಿ ಎಲ್ಲಿಯವಳು ಎಂದು ಕಚೇರಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದರೆ ತಾನು ಬಾಡಿಗೆಗಿದ್ದ ನಡುಪೇಟೆಯ ಬಡಾವಣೆಯ ಹೆಸರು ಹೇಳಿ ಮಾತು ತೇಲಿಸಿಬಿಡುತ್ತಿದ್ದಳು. ಅವಳಿಗೊಬ್ಬ ಅಣ್ಣನಿದ್ದ, ಅತ್ತಿಗೆಯಿದ್ದಳು. ಅವರಿದ್ದ ಬೀದಿ ಬಸ್ಸಿನ ಕೊನೆಯ ನಿಲ್ದಾಣದ ಆಚೆಗಿತ್ತು. ಇದನ್ನೆಲ್ಲ ಮುಚ್ಚಿಡುವಂಥದ್ದೇನು ಎಂದು ಯೋಚಿಸಿದಾಗಲೆಲ್ಲ ಅವಳಿಗೆ ಒಂದು ಹಳೆಯ ಬೆಳಗು ಮಾತ್ರ ನೆನಪಾಗುತ್ತಿತ್ತು. ಓದಲೆಂದು ಪೇಟೆಯ ಹಾಸ್ಟೆಲಿಗೆ ಬಂದ ಮೊದಲ ದಿನ ಅವಳು ಕೈಯಲ್ಲಿ ತಂಬಿಗೆ ಹಿಡಿದು, ಬಯಲು ಯಾವ ಕಡೆಗೆ ಎಂದು ಒಬ್ಬಳನ್ನು ಕೇಳಿದ್ದಳು. ಆಮೇಲೆ ಹಾಸ್ಟೆಲಿನ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕದ್ದು, ವರ್ಷ ಕಳೆಯುವ ತನಕ ಅವಳಿಗೆ ‘ಬಯಲು’ ಎಂದೇ ಅಡ್ಡಹೆಸರು ಉಳಿದದ್ದು, ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ.

ನಿಘಂಟು ನಕಾರಕ್ಕೆ ಬಂತು. ‘ನಗರೀಕರಣ’ ಎಂಬ ಪದ ಪುಟ್ಟಿಯ ಪಾಲಿಗೆ ಬಿತ್ತು. ಅರ್ಥ ಬರೆಯಲು ತಡವೇ ಆಗಲಿಲ್ಲ: ಹಳ್ಳಿಗಾಡಿನ ಪ್ರದೇಶವು ಪಟ್ಟಣವಾಗಿ ಮಾರ್ಪಡುವುದು. ಮುಗಿಯಿತು. ಕಷ್ಟವಾದದ್ದು ವಾಕ್ಯ. ಭಾಷಣದಲ್ಲಿ, ಕಡತದಲ್ಲಿ, ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಆ ಪದ ಬೇಕಾದಷ್ಟು ಸಿಗುತ್ತಿತ್ತು. ಬಾಯಲ್ಲಿ ಸಿಗಬೇಕಲ್ಲ? ಕರಡು ತಿದ್ದುವವನೊಬ್ಬನಿದ್ದ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಕಚೇರಿಯೆಲ್ಲ ಕನ್ನಡಕ ಹುಡುಕುವ ಗಿರಾಕಿ, ಆದ್ದರಿಂದ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು. ಅವನು ಬಸ್ಸು ನಿಲ್ದಾಣದಲ್ಲಿ ನಿಂತು ಹತ್ತಾರು ಜನರಿಂದ ಆ ಪದ ಹೊರಡಿಸಲು ನೋಡಿ ಸೋತು ಬಂದಿದ್ದ. ಒಬ್ಬಾಕೆಯಂತೂ ಅದು ಏನೇ ಇರಲಿ, ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಕಿಸಿ ಆಗಿದೆ ಎಂದು ಹೇಳಿ ಬಸ್ಸು ಹತ್ತಿದ್ದಳಂತೆ.

ಹೀಗೆ ಸೋತವನೇ ಒಂದು ದಾರಿಯನ್ನೂ ಕಂಡು ಬಂದಿದ್ದ. ಬಸ್ಸಿನ ಕೊನೆಯ ನಿಲ್ದಾಣದ ಆಚೆ ಗಾಡಿ ಬೀದಿ ಎಂಬ ಹಳೆಯ ಹಳ್ಳಿಯ ಬೀದಿಯೊಂದಿದೆ, ಅದರ ಬಾಯಿಗೇ ಪುರಸಭೆಯವರು ‘ನಗರೀಕರಣ ಯೋಜನೆ’ ಎಂದು ಆಳೆತ್ತರದ ಫಲಕ ನೆಟ್ಟಿದ್ದಾರೆ, ದಿನಾ ಅದರ ಕೆಳಗೇ ಓಡಾಡುವ ಜನ ಆ ಪದವನ್ನು ಬಾಯಿಗೆ ಹಾಕಿಕೊಂಡಿರಲೇಬೇಕು ಎಂದ. ಮುಂದಿನ ಗುರುವಾರ ತಾನೇ ಹೋಗಿಬರುತ್ತೇನೆ ಎಂದೂ ಸೇರಿಸಿದ.

ಪುಟ್ಟಿ ಹುಟ್ಟಿದ್ದು ಅದೇ ಬೀದಿಯಲ್ಲಿ. ಗಾಡಿ ಬೀದಿಯಲ್ಲಿ ಅವಳ ಅಣ್ಣನನ್ನು ಮಾತಾಡಿಸದೆ ಹಿಂದಿರುಗುವುದು ಯಾರಿಗೂ ಸಾಧ್ಯವಿರಲಿಲ್ಲ. ಅವನ ಕೆಲಸದ ಹಲಗೆ ಬೀದಿಗೇ ಚಾಚಿಕೊಂಡಿತ್ತು, ಮತ್ತು ಅವನು ತಂಗಿ ನಿಘಂಟು ಬರೆಯುತ್ತಾಳೆ ಎಂಬುದನ್ನು ಹಲಗೆಯ ಬಳಿ ನಿಂತವರಿಗೆಲ್ಲ ಹೇಳದೆ ಬಿಡುತ್ತಿರಲಿಲ್ಲ. “ಪದ ನಂದು, ನಾನೇ ಹೋಗ್ತೀನಿ,” ಎಂದಳು. ಕೆಲಸದಲ್ಲಿ ಎಷ್ಟು ಶ್ರದ್ಧೆ ನೋಡಿ ಎಂದು ಸಂಪಾದಕರು ಮೆಚ್ಚಿಕೊಂಡರು.

ಗಾಡಿ ಬೀದಿಯಲ್ಲಿ ಈಗ ಗಾಡಿಗಳಿಲ್ಲ. ಅಣ್ಣ ಬಡಗಿ. ಒಂದು ಕಾಲಕ್ಕೆ ಎತ್ತಿನ ಗಾಡಿಗೆ ಚಕ್ರ ಮಾಡುತ್ತಿದ್ದವನು ಈಗ ತರಕಾರಿಯವರ ತಳ್ಳುಗಾಡಿ ರಿಪೇರಿ ಮಾಡುತ್ತಿದ್ದ. ಮನೆ ಬೀದಿಯ ಕೊನೆಯಲ್ಲಿತ್ತು, ಎರಡು ಕೋಣೆ ಮತ್ತು ಹಿಂದೊಂದು ಅಂಗೈಯಗಲದ ಹಿತ್ತಲು. ಹಿತ್ತಲ ಆಚೆ ಮೊದಲು ಹೊಲ, ಹೊಲದ ಅಂಚಿಗೆ ಎದೆಮಟ್ಟದ ಪೊದೆಗಳ ಸಾಲು. ಈಗ ಮೂರು ಕಡೆಯಿಂದಲೂ ಮೂರು ಮಹಡಿಯ ಕಟ್ಟಡಗಳು ಎದ್ದು, ಅವುಗಳ ಬಾಲ್ಕನಿಗಳೆಲ್ಲ ಆ ಹಿತ್ತಲಿಗೆ ಮುಖ ಮಾಡಿ ನಿಂತಿದ್ದವು. ಒಂದು ಕಟ್ಟಡದ ಪಕ್ಕ ಮಾತ್ರ ಖಾಲಿ ನಿವೇಶನವೊಂದು ಉಳಿದು, ಅಲ್ಲಿ ಮರಳು ಜಲ್ಲಿಯ ಗುಡ್ಡೆಗಳಿದ್ದವು.

ಪುಟ್ಟಿ ಹೋದಾಗ ಅಣ್ಣ ಯಾರದೋ ಗಾಡಿ ತಲುಪಿಸಲು ಹೋಗಿದ್ದ. ಅತ್ತಿಗೆ ಒಬ್ಬಳೇ ಇದ್ದಳು. ಈ ಅತ್ತಿಗೆ ಮದುವೆಯಾಗಿ ಆ ಮನೆಗೆ ಬಂದಾಗ ಪುಟ್ಟಿ ತಾಯಿಯಿಲ್ಲದ ಏಳು ವರ್ಷದ ಹುಡುಗಿ. ತಲೆ ಬಾಚಿದವಳು, ಜ್ವರ ಬಂದಾಗ ಎದೆಗೊರಗಿಸಿಕೊಂಡವಳು, ಮುಂಜಾನೆ ಹೊಲದ ಕಡೆಗೆ ಕರೆದುಕೊಂಡು ಹೋಗುತ್ತಿದ್ದವಳು ಅವಳೇ. ಹುಡುಗಿಗೆ ದಾರಿಹೋಕರ ಭಯ. ಅತ್ತಿಗೆ ತನ್ನ ಶಾಲನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದು, ಬೆನ್ನು ಹಾಕಿ ನಿಂತು, ಹಾದು ಹೋಗುವ ಕಾಗೆಗಳನ್ನೆಲ್ಲ ಬೈಯುತ್ತಿದ್ದಳು. ಆ ಶಾಲಿನ ಹಿಂದೆ ಕೂತಾಗ ಪುಟ್ಟಿಗೆ ಕೋಟೆಯೊಳಗೆ ಕೂತಷ್ಟು ಧೈರ್ಯವಿರುತ್ತಿತ್ತು.

ಆ ದಿನ ಅತ್ತಿಗೆ ಟೀ ಮಾಡಿ ಒಂದೇ ಲೋಟ ತಂದಳು. ತಾನು ಕುಡಿಯಲಿಲ್ಲ. ಬಿಸಿಲು ಸುಡುತ್ತಿದ್ದರೂ ಅವಳು ಒಂದು ಗುಟುಕು ನೀರನ್ನೂ ಬಾಯಿಗೆ ಹಾಕದೆ ಒಣ ತುಟಿಯನ್ನು ನೆಕ್ಕಿಕೊಳ್ಳುವುದನ್ನು ಪುಟ್ಟಿ ನೋಡಿದಳು. ಒಳಕೋಣೆಯ ಮೊಳೆಗೆ ಕಪ್ಪು ಕೊಡೆಯೊಂದು ತೂಗುತ್ತಿತ್ತು, ಮಳೆಗಾಲ ಹೋಗಿ ತಿಂಗಳುಗಳಾಗಿದ್ದವು. ಎರಡನ್ನೂ ಕೇಳಿದಳು. ಅತ್ತಿಗೆ ಮೊದಲು ನಕ್ಕು ತಳ್ಳಿಹಾಕಿದಳು. ಆಮೇಲೆ ಬೀದಿಬಾಗಿಲನ್ನು ಮುಂದೆ ಮಾಡಿ ಬಂದು ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು.

ಚರಂಡಿಯ ಪೈಪು ಹೊಸ ಕಟ್ಟಡಗಳ ತನಕ ಬಂದು ಮೂಲೆಯಲ್ಲಿ ನಿಂತುಬಿಟ್ಟಿತ್ತು. ಹಳೆ ಮನೆಗಳದು ಮುಂದಿನ ಹಂತವಂತೆ. ಅಲ್ಲಿಯವರೆಗೆ ಗುಂಡಿ ತೋಡಿಸೋಣ ಎಂದರೆ, ಈಗ ಇದು ಪಟ್ಟಣದ ಮಿತಿಯೊಳಗೆ, ಗುಂಡಿಗೆ ಅನುಮತಿಯಿಲ್ಲವಂತೆ. ಅಣ್ಣ ಪುರಸಭೆಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದ. ಗಂಡಸು ಹೇಗೋ ಮಾರುಕಟ್ಟೆಯ ಕಡೆ ಹೋಗಿ ಬರುತ್ತಿದ್ದ. ಅತ್ತಿಗೆ ಇನ್ನೂ ಕತ್ತಲಿರುವಾಗಲೇ ಎದ್ದು ಆ ಮರಳಗುಡ್ಡೆಯ ಹಿಂದೆ ಹೋಗಿ, ಬಾಲ್ಕನಿಗಳ ಕಡೆಗೆ ಕೊಡೆ ಬಿಚ್ಚಿ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ಹಗಲು ಆ ತೊಂದರೆ ಬರಬಾರದೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಮೊನ್ನೆ ಮೊನ್ನೆ ಆ ಮರಳಗುಡ್ಡೆಯ ಮೂಲೆಗೂ ಬೀದಿದೀಪ ಹಾಕಿದ್ದರು.

“ನಗರೀಕರಣ ಆಯ್ತು, ನಗರೀಕರಣ ಆಯ್ತು ಅಂತಾರೆ ಪುಟ್ಟಿ,” ಎಂದಳು ಅತ್ತಿಗೆ. “ಎಲ್ಲಾ ಕಡೆ ಬೆಳಕು ಬಂತು, ನಂಗೊಂದು ಮರೆ ಇಲ್ದಂಗಾಯ್ತು.”

ಇನ್ನು ಹೇಳುವುದು ನನಗೂ ಕಷ್ಟ, ಆದರೆ ಹೇಳದಿದ್ದರೆ ಕತೆಯೇ ಇಲ್ಲ. ಆ ಮಾತು ಕೇಳಿದಾಗ ಪುಟ್ಟಿಗೆ ದುಃಖವಾಯಿತು, ನಿಜ. ಆದರೆ ದುಃಖಕ್ಕೂ ಒಂದು ಗಳಿಗೆ ಮುಂಚೆ ಅವಳ ಕಿವಿ ನೆಟ್ಟಗಾಗಿತ್ತು. ಸಿಕ್ಕಿತು ಎಂದಿತು ಮನಸ್ಸು. ಪದವಿದೆ, ಪದದ ಹೊಟ್ಟೆಯೊಳಗಿನ ಸಂಕಟವೂ ಇದೆ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದರೆ, ಅವಳ ಭುಜದ ಮೇಲೆ ಕೈಯಿಟ್ಟುಕೊಂಡೇ ಪುಟ್ಟಿ ಅಲ್ಪವಿರಾಮ ಎಲ್ಲಿ ಹಾಕುವುದೆಂದು ಯೋಚಿಸುತ್ತಿದ್ದಳು. ಬಸ್ಸಿನಲ್ಲಿ ಕೂತವಳೇ ಮರೆತುಹೋದೀತೆಂದು ಬರೆದುಕೊಂಡಳು. ತನ್ನ ಬಾಡಿಗೆ ಮನೆಯಲ್ಲಿ ಬಿಳಿ ಟೈಲ್ಸ್ ಹಾಕಿದ, ಒಳಗಿನಿಂದ ಭದ್ರವಾಗಿ ಚಿಲಕ ಬೀಳುವ ಟಾಯ್ಲೆಟ್ ಇದೆ, ಅಲ್ಲಿಗೆ ಅತ್ತಿಗೆಯನ್ನು ನಾಲ್ಕು ದಿನದ ಮಟ್ಟಿಗಾದರೂ ಕರೆಯಬಹುದಿತ್ತು ಎಂಬುದು ಇಳಿಯುವ ತನಕ ಅವಳ ತಲೆಗೆ ಹೊಳೆಯಲೇ ಇಲ್ಲ.

ಶುಕ್ರವಾರ ವಾಕ್ಯ ಓದಿದಳು. ಸಂಪಾದಕರು ಕಣ್ಣು ಮುಚ್ಚಿದವರು ಬಹಳ ಹೊತ್ತು ತೆರೆಯಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ವಾಕ್ಯ ಬಂದಿಲ್ಲ ಎಂದರು. ಆಮೇಲೆ ನಿಯಮದಂತೆ ಆಡಿದವರು ಯಾರು ಎಂದು ಕೇಳಿದರು. ಬಡಗಿಯ ಹೆಂಡತಿ, ಗಾಡಿ ಬೀದಿ ಎಂದಳು ಪುಟ್ಟಿ. ಕಸುಬನ್ನಾಗಲಿ ಬೀದಿಯನ್ನಾಗಲಿ ಬದಲಿಸಿ ಹೇಳುವುದು ಆ ಕಚೇರಿಯಲ್ಲಿ ಮಹಾಪಾಪ. ಅದನ್ನು ಅವಳು ಮಾಡಲಿಲ್ಲ.

“ನಿಮಗೆ ಗೊತ್ತಿರೋರಾ ಮೇಡಂ?” ಎಂದ ಕನ್ನಡಕ.

“ಇಲ್ಲ,” ಎಂದಳು. “ದಾರೀಲಿ ಸಿಕ್ಕಿದ್ರು.”

ಸುಳ್ಳು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ನಿಘಂಟಿನ ಆ ಭಾಗ ಅಚ್ಚಿಗೆ ಹೋಗಲು ಇನ್ನೂ ಸಮಯವಿತ್ತು. ಆದರೆ ಸಂಪಾದಕರಿಗೆ ಅಷ್ಟು ತಾಳ್ಮೆಯೆಲ್ಲಿ? ಒಂದು ಸಭೆಯಲ್ಲಿ ಮಾತಾಡಲು ಹೋದವರು, ನಿಘಂಟೆಂದರೆ ಹೀಗಿರಬೇಕು ಎಂದು ಹೇಳಿ ಆ ವಾಕ್ಯವನ್ನು, ಕೆಳಗಿನ ಸಣ್ಣಕ್ಷರ ಸಮೇತ, ಎರಡು ಸಲ ಓದಿದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತ ಪುಟ್ಟಿಯ ಕಡೆಗೆ ಕೈ ತೋರಿಸಿದರು, ಮತ್ತೆ ಚಪ್ಪಾಳೆ. ಅವಳು ಎದ್ದು ನಿಂತು ಕೈ ಮುಗಿದಳು. ಸುಳ್ಳೇಕೆ, ಅವಳಿಗೆ ಖುಷಿಯೇ ಆಯಿತು. ಮರುದಿನ ಪತ್ರಿಕೆಯೊಂದು ಪದ, ಅರ್ಥ, ವಾಕ್ಯ, ಬಡಗಿಯ ಹೆಂಡತಿ, ಗಾಡಿ ಬೀದಿ, ಎಲ್ಲವನ್ನೂ ಚೌಕಟ್ಟು ಕಟ್ಟಿ ಅಚ್ಚುಹಾಕಿತು. ಗಾಡಿ ಬೀದಿಯಲ್ಲಿ ಇದ್ದ ಬಡಗಿ ಒಬ್ಬನೇ, ಅವನಿಗೆ ಇದ್ದ ಹೆಂಡತಿಯೂ ಒಬ್ಬಳೇ. ಇದು ಕಚೇರಿಯಲ್ಲಿ ಯಾರಿಗೂ ಗೊತ್ತಿರಬೇಕಾದ ವಿಷಯವಲ್ಲ. ಪುಟ್ಟಿಗೆ ಗೊತ್ತಿತ್ತು.

ಪತ್ರಿಕೆ ಬಂದ ಕೆಲವು ದಿನಗಳ ಮೇಲೆ, ಮಧ್ಯಾಹ್ನ, ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಬಾಗಿಲಲ್ಲಿ ಅಣ್ಣ ನಿಂತಿದ್ದ. ಹೆಗಲಲ್ಲಿ ಕೆಲಸದ ಚೀಲ, ಕಿವಿಯ ಸಂದಿಯಲ್ಲಿ ಪೆನ್ಸಿಲು, ಅಂಗಿಯ ಜೇಬಿನಲ್ಲಿ ಮಡಚಿದ ಪತ್ರಿಕೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಅವನು ಆ ಕಚೇರಿಗೆ ಬಂದದ್ದು ಅದೇ ಮೊದಲು.

ಕನ್ನಡಕ ತಲೆಯೆತ್ತಿ ಯಾರು ಬೇಕಿತ್ತು ಎಂದು ಕೇಳಿದ. ಅಣ್ಣ ಪುಟ್ಟಿಯತ್ತ ನೋಡಿದ. ಎಲ್ಲರೂ ಅವನ ನೋಟದ ಜಾಡು ಹಿಡಿದು ಅವಳತ್ತ ನೋಡಿದರು.

ಪುಟ್ಟಿ ತಲೆ ತಗ್ಗಿಸಿ ಮುಂದಿದ್ದ ಹಾಳೆಯನ್ನು ನೋಡಿದಳು.

ಕ್ಷಣ ಮಾತ್ರ. ಮುಂದಿನ ಕ್ಷಣವೇ ಅವಳು ತಲೆಯೆತ್ತುತ್ತಿದ್ದಳೋ, ಅಣ್ಣ ಎಂದು ಕರೆಯುತ್ತಿದ್ದಳೋ ಯಾರಿಗೆ ಗೊತ್ತು? ಆ ಮುಂದಿನ ಕ್ಷಣವನ್ನು ಅಣ್ಣ ಅವಳಿಗೆ ಬಿಡಲಿಲ್ಲ. ಅವಳು ಮಾತು ಕಲಿಯುವ ಮೊದಲೇ ಅವಳ ಮುಖ ಓದುವುದನ್ನು ಕಲಿತಿದ್ದವನು ಅವನು.

“ಬಡಗಿ ನಾನು,” ಎಂದ ಕನ್ನಡಕನ ಕಡೆ ತಿರುಗಿ. “ಬಾಗಿಲು ರಿಪೇರಿ ಇದೆ ಅಂದಿದ್ರು.”

ಯಾವ ಕಚೇರಿಯಲ್ಲಿ ಕೆಟ್ಟ ಬಾಗಿಲಿಲ್ಲ? ಅಂದಾಜಿನ ಮೇಲೆ ಹೇಳಿದ್ದು ಗುರಿಗೆ ಬಿತ್ತು. ಕೊನೆಗೂ ಕಟ್ಟಡದ ಮಾಲೀಕನಿಗೆ ಬುದ್ಧಿ ಬಂತಲ್ಲ ಎಂದು ಕನ್ನಡಕ ಕುಣಿಯುತ್ತಾ ಅವನನ್ನು ಟಾಯ್ಲೆಟ್ಟಿನ ಕಡೆಗೆ ಕರೆದುಕೊಂಡು ಹೋದ. ಇನ್ನು ಮೇಲೆ ನಮ್ಮ ಸಂಗೀತಕ್ಕೆ ಅವಕಾಶವಿಲ್ಲ ಎಂದು ಸಂಪಾದಕರೂ ನಕ್ಕರು.

ಅಣ್ಣ ಬಾಗಿಲು ಕಳಚಿ ಗೋಡೆಗೊರಗಿಸಿದ. ಊದಿಕೊಂಡಿದ್ದ ಅಂಚನ್ನು ಕೀಸಿದ, ಸಡಿಲಾದ ಕೀಲು ತೆಗೆದು ಬೇರೆ ಮೊಳೆ ಬಡಿದ, ಚಿಲಕದ ತೂತನ್ನು ಉಳಿಯಲ್ಲಿ ಅಗಲ ಮಾಡಿದ. ಪುಟ್ಟಿ ತನ್ನ ಮೇಜಿನಲ್ಲಿ ಕೂತು ಪ್ರತಿ ಪೆಟ್ಟನ್ನೂ ಕೇಳಿಸಿಕೊಂಡಳು. ಎದ್ದು ಹೋಗಿ ಅವನ ಪಕ್ಕ ನಿಲ್ಲಲು ಹತ್ತು ಹೆಜ್ಜೆಯೂ ಬೇಕಿರಲಿಲ್ಲ, ಅವಳು ಏಳಲಿಲ್ಲ. ಕೆಲಸ ಮುಗಿಸಿ ಅಣ್ಣ ಒಳಗೆ ಹೋಗಿ ಚಿಲಕ ಹಾಕಿ ನೋಡಿದ. ಹಾಕಿದವನು ಕೂಡಲೇ ಹೊರಗೆ ಬರಲಿಲ್ಲ. ಬಂದಾಗ ಅವನ ಮುಖ ಕೆಂಪೇರಿತ್ತು.

ಮರದ ಸುರುಳಿಗಳನ್ನು ಗುಡಿಸಿ ತುಂಬಿಕೊಳ್ಳಲು ಅವನು ಜೇಬಿನ ಪತ್ರಿಕೆಯನ್ನು ಬಿಚ್ಚಿ ನೆಲದ ಮೇಲೆ ಹಾಸಿದ. ಪುಟ್ಟಿ ಕಂಡಳು, ಚೌಕಟ್ಟು ಮೇಲೆಯೇ ಇತ್ತು. ಅದರ ಮೇಲೆ ಅವನು ಹೊಟ್ಟನ್ನೆಲ್ಲ ಸುರಿದು, ನಾಲ್ಕು ಮೂಲೆ ಸೇರಿಸಿ ಪೊಟ್ಟಣ ಕಟ್ಟಿ ಚೀಲಕ್ಕೆ ಹಾಕಿಕೊಂಡ. ಸಂಪಾದಕರು ಕೂಲಿಯ ಮಾತೆತ್ತಿದರೆ, ಅದೆಲ್ಲ ಆಗಿದೆ ಬಿಡಿ ಎಂದ. ಹೊರಡುವಾಗ ಪುಟ್ಟಿಯ ಮೇಜಿನ ಮುಂದೆ ನಿಂತ.

“ಈಗ ಭದ್ರವಾಗಿದೆ ಮೇಡಂ,” ಎಂದ. “ಒಳಗಿಂದ ಚಿಲಕ ಹಾಕ್ಕೊಳ್ಳಿ.”

ಹುಟ್ಟಿದಾರಭ್ಯ ಪುಟ್ಟಿ ಎಂದ ಬಾಯಿ ಅದು. ಮೆಟ್ಟಿಲಿಳಿಯುವ ಸದ್ದು ನಿಲ್ಲುವ ತನಕ ಅವಳು ಕೂತೇ ಇದ್ದಳು. ಆಮೇಲೆ ಅಳಲೆಂದು ಅದೇ ಟಾಯ್ಲೆಟ್ಟಿಗೆ ಹೋದಳು. ಚಿಲಕ ಒಂದೇ ಬೆರಳಿಗೆ ಬೆಣ್ಣೆಯ ಹಾಗೆ ಜಾರಿ ಕೂತಿತು. ಅಳು ಬರಲಿಲ್ಲ. ಅಲ್ಲಿ ಅಷ್ಟು ಮರೆಯಾಗಿ, ಅಷ್ಟು ಸುಖವಾಗಿ ನಿಂತಿರುವುದೇ ಅಸಹ್ಯವೆನ್ನಿಸಿ ಹೊರಗೆ ಬಂದಳು. ನೇರವಾಗಿ ಸಂಪಾದಕರ ಮೇಜಿನ ಮುಂದೆ ಹೋಗಿ ನಿಂತಳು.

“ಈಗ ಬಂದಿದ್ರಲ್ಲ ಸರ್, ಅವರು ನಮ್ಮಣ್ಣ.”

ಕನ್ನಡಕ ಹಣೆಯ ಮೇಲಿದ್ದದ್ದನ್ನು ಕಣ್ಣಿಗೆ ಇಳಿಸಿಕೊಂಡ. ಪುಟ್ಟಿ ಎಲ್ಲವನ್ನೂ ಹೇಳಿದಳು: ಗಾಡಿ ಬೀದಿ ತಾನು ಹುಟ್ಟಿದ ಬೀದಿ, ವಾಕ್ಯ ಆಡಿದವಳು ತನ್ನನ್ನು ಸಾಕಿದ ಅತ್ತಿಗೆ, ದಾರಿಯಲ್ಲಿ ಸಿಕ್ಕಿದ್ದರು ಎಂದದ್ದು ಹಸಿ ಸುಳ್ಳು. ವಾಕ್ಯ ತೆಗೆಯಬೇಕು ಎಂದಳು. ನಿಯಮದ ಪ್ರಕಾರವೂ ಅದು ಸಲ್ಲುವುದಿಲ್ಲ ಎಂದಳು.

ಸಂಪಾದಕರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ವಾಕ್ಯ ಉಳಿಸಿಕೊಳ್ಳಲು ದಾರಿ ಹುಡುಕಿದರು. ಕಸುಬು, ಬೀದಿ ತೆಗೆದುಬಿಡೋಣ, ಮಾತು ಇರಲಿ ಎಂದರು. ಒಂದು ವಾಕ್ಯಕ್ಕೋಸ್ಕರ ತನ್ನ ಕಟ್ಟುನಿಟ್ಟಿನ ನಿಯಮವನ್ನೇ ಮುರಿಯಲು ಸಿದ್ಧನಾದ ಆ ಮುದುಕನ ಕಣ್ಣಲ್ಲಿ ಪುಟ್ಟಿ ತನ್ನದೇ ಆಸೆಯನ್ನು ಕಂಡಳು, ಅಂದು ಅತ್ತಿಗೆಯ ಪಕ್ಕ ಕೂತಾಗ ಕಿವಿ ನೆಟ್ಟಗಾದ ಅದೇ ಆಸೆ. ಬೇಡ ಎಂದಳು. ಬೇರೆ ಏನು ಹಾಕಲಿ ಎಂದರು. ಏನೂ ಬೇಡ, ಅರ್ಥ ಒಂದೇ ಇರಲಿ ಎಂದಳು. ಅವರು ನಿಟ್ಟುಸಿರು ಬಿಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದರು.

ಗೆರೆ ಎಳೆದರೆ ಪತ್ರಿಕೆ ಅಳಿಸಿಹೋಗುತ್ತದೆಯೇ? ಅದೇ ಸಂಜೆ ಬಸ್ಸು ಹತ್ತಿ ಹೋದ ಪುಟ್ಟಿಗೆ, ಬೀದಿಯ ತಿರುವಿನ ಅಂಗಡಿಯ ಗೋಡೆಗೆ ಆ ಚೌಕಟ್ಟು ಅಂಟಿಸಿದ್ದು ಕಂಡಿತು. ನಮ್ಮ ಬೀದಿ ಪೇಪರಿನಲ್ಲಿ ಬಂದಿದೆ ಎಂದು ಅಂಗಡಿಯವನಿಗೆ ಹೆಮ್ಮೆ. ಅವಳು ಕೀಳಲು ನೋಡಿದಳು. ಗೋಂದು ಗಟ್ಟಿಯಾಗಿತ್ತು, ಅರ್ಧ ಬಂತು, ಅರ್ಧ ಉಳಿಯಿತು.

ಅಣ್ಣ ಅವಳನ್ನು ಕಂಡು, ಊಟ ಮಾಡ್ಕೊಂಡು ಹೋಗು ಎಂದ. ಕಚೇರಿಯ ಸುದ್ದಿ ಎತ್ತಲಿಲ್ಲ. ಅವನು ಹೆಂಡತಿಗೂ ಅದನ್ನು ಹೇಳಿರಲಿಲ್ಲ ಎಂಬುದು ಅವಳಿಗೆ ನಿಧಾನವಾಗಿ ತಿಳಿಯಿತು. ತಂಗಿ ಸಿಗಲಿಲ್ಲ, ರಜೆಯಲ್ಲಿದ್ದಳು ಎಂದಿದ್ದನಂತೆ. ಅತ್ತಿಗೆ ತೆಳ್ಳಗಾಗಿದ್ದಳು. ಪತ್ರಿಕೆ ಬಂದ ದಿನ ಹಿತ್ತಲ ಎದುರಿನ ಕಟ್ಟಡದ ಎರಡನೇ ಮಹಡಿಯ ಹೆಂಗಸು ಇಳಿದು ಬಂದು, ಕೈ ಹಿಡಿದು, ನಾಚಿಕೊಳ್ಳಬೇಡಿ, ಬೇಕಾದಾಗ ನಮ್ಮನೆಗೇ ಬಂದುಬಿಡಿ ಎಂದು ಹೇಳಿ ಹೋಗಿದ್ದಳು. ಬಹಳ ಒಳ್ಳೆಯವಳು. ಅಂದಿನಿಂದ ಅತ್ತಿಗೆ ಹಗಲು ಹೊತ್ತು ಬೀದಿಬಾಗಿಲು ತೆರೆದಿರಲಿಲ್ಲ.

ಅಣ್ಣ ಮಲಗಿದ ಮೇಲೆ ಪುಟ್ಟಿ ಅತ್ತಿಗೆಯ ಕಾಲ ಬಳಿ ಕೂತಳು. ತಪ್ಪಾಯ್ತು ಎಂದಳು. ಪುಸ್ತಕದಿಂದ ತೆಗೆಸಿದ್ದೇನೆ ಎಂದಳು. ಅಂದು ತಾನು ಹೇಗೆ ಕೂತು ಕೇಳಿಸಿಕೊಂಡೆ, ಹೇಗೆ ಬರೆದುಕೊಂಡೆ ಎಂಬುದನ್ನೂ ಬಿಡದೆ ಹೇಳಿದಳು.

“ಆ ಮಾತು ನಾನು ಯಾರಿಗೆ ಹೇಳಿದ್ದು ಪುಟ್ಟಿ?”

“ನಂಗೆ.”

“ಹೂಂ. ನಿಂಗೆ ಹೇಳಿದ್ದೆ.”

ಅಷ್ಟೇ. ಅದರ ಮೇಲೆ ಒಂದು ಬಿರುನುಡಿ ಬರಲಿಲ್ಲ. ಪುಟ್ಟಿ ಸುಮ್ಮನಿರಲಾರದೆ, ನನ್ನ ಮನೆಗೆ ಬಂದುಬಿಡಿ, ಪೈಪು ಬರೋವರೆಗೆ ನನ್ನ ಜೊತೆ ಇರಿ ಎಂದು ಗೋಗರೆದಳು. ಅತ್ತಿಗೆ ಅವಳ ತಲೆ ಸವರಿ, “ನಿಮ್ಮಣ್ಣನ್ನ ಯಾರು ನೋಡ್ಕೋತಾರೆ? ದಿನಾ ಬೆಳಿಗ್ಗೆ ಅದಕ್ಕೋಸ್ಕರ ಬಸ್ಸು ಹತ್ತಿ ಬರ್ಲಾ?” ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಇನ್ನೂ ಕತ್ತಲಿರುವಾಗ ಮೊಳೆಯಿಂದ ಕೊಡೆ ತೆಗೆದ ಸದ್ದಿಗೆ ಪುಟ್ಟಿಗೆ ಎಚ್ಚರವಾಯಿತು. ಎದ್ದು ಹಿಂದೆಯೇ ಹೊರಟಳು. ತಾನು ಹೊದ್ದಿದ್ದ ಶಾಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಹಿತ್ತಲ ಬಾಗಿಲಲ್ಲಿ ಅತ್ತಿಗೆ ತಿರುಗಿ ನೋಡಿದಳು, ಶಾಲನ್ನು ನೋಡಿದಳು. ಅವಳಿಗೆ ಅರ್ಥವಾಯಿತು.

“ಬೇಡ ಪುಟ್ಟಿ,” ಎಂದಳು ಮೆತ್ತಗೆ. “ನೀನು ಅಲ್ಲಿ ನಿಂತ್ರೆ, ನಾನೆಲ್ಲಿದೀನಿ ಅಂತ ಎಲ್ಲಾರ್ಗೂ ಗೊತ್ತಾಗುತ್ತೆ.”

ಪುಟ್ಟಿ ಶಾಲು ಹಿಡಿದುಕೊಂಡೇ ಬಾಗಿಲ ಒಳಗೆ ನಿಂತಳು. ಅತ್ತಿಗೆ ಮೊದಲಿನ ಮರಳಗುಡ್ಡೆಯ ಕಡೆಗೆ ಹೋಗಲಿಲ್ಲ. ಪತ್ರಿಕೆ ಓದಿದ ಮೇಲೆ, ಅಲ್ಲಿ ಮರೆಗೆ ಉಳಿದ ಜಾಗ ಅದೊಂದೇ ಎಂದು ಎಲ್ಲರಿಗೂ ಗೊತ್ತಾಗಿತ್ತು. ಅವಳು ಗೋಡೆಯ ನೆರಳು ಹಿಡಿದು ಇನ್ನೂ ದೂರಕ್ಕೆ, ಪುಟ್ಟಿಗೆ ಕಾಣದಷ್ಟು ದೂರಕ್ಕೆ ಹೋದಳು. ಎದುರಿನ ಎರಡನೇ ಮಹಡಿಯಲ್ಲಿ ದೀಪ ಹೊತ್ತಿತು. ಪುಟ್ಟಿ ಅಲ್ಲೇ ಕಾದಳು. ಅತ್ತಿಗೆ ಮರಳುವಷ್ಟರಲ್ಲಿ ಆಕಾಶ ಬೆಳ್ಳಗಾಗತೊಡಗಿತ್ತು.

ಅತ್ತಿಗೆ ಕೈಕಾಲು ತೊಳೆದು, ಕೊಡೆಯನ್ನು ಮೊಳೆಗೆ ಸಿಕ್ಕಿಸಿ, ಒಲೆಯ ಮುಂದೆ ಕೂತಳು. ಹಿಂದಿರುಗಿ ನೋಡದೆಯೇ ಹೇಳಿದಳು:

“ಪೂರ್ತಿ ಬೆಳಕಾಗೋ ಮುಂಚೆ ಹೊರಡು ಪುಟ್ಟಿ. ಈ ಮನೆಯಿಂದ ನೀನು ಹೊರಗೆ ಹೋಗೋದು ಯಾರೂ ನೋಡೋದು ಬೇಡ. ನಿನ್ನ ಆಫೀಸಿಗೆಲ್ಲ ಗೊತ್ತಾದೀತು.”

ಅಂದರೆ ಅತ್ತಿಗೆಗೆ ಎಲ್ಲ ಗೊತ್ತಿತ್ತು. ಅಣ್ಣ ಹೇಳದಿದ್ದರೂ ಗೊತ್ತಿತ್ತು, ಇಷ್ಟು ವರ್ಷವೂ ಗೊತ್ತಿತ್ತು. ಪುಟ್ಟಿ ತಮ್ಮನ್ನು ಯಾರಿಗೂ ತೋರಿಸುವುದಿಲ್ಲ ಎಂದು ತಿಳಿದೇ ಅವಳು ಟೀ ಮಾಡಿ ಕೊಡುತ್ತಿದ್ದಳು, ತಲೆ ಸವರುತ್ತಿದ್ದಳು. ಪುಟ್ಟಿಯ ಮುಖ ಉರಿಯಿತು. ಆದರೆ ಅದಕ್ಕಿಂತ ಹೇಸಿಗೆಯ ಸಂಗತಿ ಇನ್ನೊಂದು ನಡೆಯಿತು. ಆಫೀಸಿಗೆ ತಾನೇ ಎಲ್ಲ ಹೇಳಿಬಂದಿದ್ದರೂ, ಕೆಳಗೆ ನೋಡಿದರೆ ಅವಳ ಕಾಲು ಆಗಲೇ ಹೊಸ್ತಿಲ ಬಳಿ ಚಪ್ಪಲಿ ಹುಡುಕುತ್ತಿತ್ತು. ಒಂದು ಹೆಬ್ಬೆರಳು ಒಳಗೆ ಸೇರಿಯೂ ಆಗಿತ್ತು.

ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು. ಹಗಲು ಹೊತ್ತು ಮುಚ್ಚಿಯೇ ಇರುತ್ತಿದ್ದ ಬೀದಿಬಾಗಿಲಿನ ಅಗುಳಿ ತೆಗೆದು, ಹೊಸ್ತಿಲ ಮೇಲೆ ಕೂತಳು. ಬೆಳಕು ಬಂತು. ಬೀದಿಯಲ್ಲಿ ಒಬ್ಬೊಬ್ಬರೇ ಕಾಣಿಸಿಕೊಂಡರು. ಆ ಎರಡನೇ ಮಹಡಿಯ ಒಳ್ಳೆಯ ಹೆಂಗಸು ಕಟ್ಟಡದ ಗೇಟು ದಾಟಿ ಹಾಲು ತರಲು ಹೊರಟವಳು, ಇವಳನ್ನು ಕಂಡು ನಿಂತಳು. ನೀವು ಯಾರು, ಪತ್ರಿಕೆಯವರಾ ಎಂದು ಕೇಳಿದಳು.

ಪುಟ್ಟಿ ತಲೆಯೆತ್ತಿದಳು.

“ಅಲ್ಲ,” ಎಂದಳು. “ನಾನು ಈ ಮನೆಯವಳು.”

ಒಳಗೆ ಪಾತ್ರೆಯ ಸದ್ದು ಒಮ್ಮೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.